ಕೈ ಎತ್ತದ ಸ್ಕೋರರ್

ಗದ್ದೆ ಕೊಯ್ಲು ಮುಗಿಯಿತೆಂದರೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಊರೂರಲ್ಲೂ ಟೆನಿಸ್ ಬಾಲ್ ಟೂರ್ನಮೆಂಟ್. ಮೊದಲು ಸ್ಕೋರರ್ ಮೇಜಿನ ಮೇಲೆ ಉದ್ದನೆಯ ಪುಸ್ತಕ ಇರುತ್ತಿತ್ತು, ಈಗ ಮೊಬೈಲ್ ಇದೆ. ಆ್ಯಪ್ ಬಂದ ಮೇಲೆ ಸ್ಕೋರಿನಲ್ಲಿ ತಪ್ಪೇ ಆಗುವುದಿಲ್ಲ ಎಂಬ ನಂಬಿಕೆ ಎಷ್ಟು ಗಟ್ಟಿಯಾಗಿದೆಯೆಂದರೆ, ಅನುಮಾನಪಟ್ಟವನನ್ನು ಹಳೇ ಕಾಲದವನೆಂದು ಬದಿಗೆ ಸರಿಸುತ್ತಾರೆ. ನನಗೆ ಅನುಮಾನವಿದೆ. ಆ್ಯಪ್ ಚೆನ್ನಾಗಿ ಕೂಡುತ್ತದೆ, ಒಪ್ಪಿದೆ. ಆದರೆ ಕೂಡುವ ಮೊದಲು ಯಾರಾದರೂ ಆಟ ನೋಡಿರಬೇಕಲ್ಲ?

ಸಿದ್ದಾಪುರದ ಕಡೆ ನಾನು ಕಂಡ ಒಂದೇ ಒಂದು ಚೆಂಡಿನ ಕತೆ ಕೇಳಿ. ನೋಬಾಲ್. ಬ್ಯಾಟಿಗೆ ತಾಗಲಿಲ್ಲ, ಕೀಪರ್ ಕೈಗೂ ಸಿಗಲಿಲ್ಲ. ಬ್ಯಾಟರ್‌ಗಳು ಒಂದು ರನ್ ಓಡಿ ಎರಡನೆಯದಕ್ಕೆ ಹೊರಟರು. ಥರ್ಡ್‌ಮ್ಯಾನ್ ಎಸೆದದ್ದು ಸ್ಟಂಪ್ ತಪ್ಪಿ ಎದುರು ಬದಿಯ ಬೌಂಡರಿ ದಾಟಿತು. ಎಸೆದ ಕ್ಷಣಕ್ಕೆ ಓಡುವವರು ಒಬ್ಬರನ್ನೊಬ್ಬರು ದಾಟಿದ್ದರೆ ಎರಡನೆಯ ರನ್ನೂ ಲೆಕ್ಕಕ್ಕೆ ಬರುತ್ತದೆ: ಎರಡಕ್ಕೆ ನಾಲ್ಕು ಸೇರಿ 6 ಬೈ, ನೋಬಾಲಿಗೆ 1, ಒಟ್ಟು 7, ಮುಂದಿನ ಚೆಂಡಿಗೆ ಅದೇ ಬ್ಯಾಟರ್. ದಾಟಿರದಿದ್ದರೆ ಬೈ 5, ಒಟ್ಟು 6, ಸ್ಟ್ರೈಕ್ ಇನ್ನೊಬ್ಬನಿಗೆ. ಹೇಗಾದರೂ ಬೌಲರ್ ಲೆಕ್ಕಕ್ಕೆ ಬರುವುದು 1 ಮಾತ್ರ. 2017ರ ನಿಯಮಾವಳಿಗಿಂತ ಮುಂಚೆ ಅಷ್ಟೂ ರನ್ನನ್ನು ನೋಬಾಲ್ ಎಂದೇ ಬರೆದು ಬೌಲರ್ ತಲೆಗೆ ಹಾಕುತ್ತಿದ್ದರು. ಬೈಯನ್ನು ಬೇರೆ ಮಾಡಿದ ಮೇಲೆ ಆ ಅನ್ಯಾಯ ಸರಿಹೋಯಿತು.

ದಾಟಿದ್ದರು ಎಂದು ಅಂಪೈರ್ ತೀರ್ಮಾನಿಸಿದರು. ನೋಬಾಲ್ ಎಂದು ಇನ್ನೊಮ್ಮೆ ಕೈ ಚಾಚಿದರು, ತೆರೆದ ಅಂಗೈ ತಲೆಯ ಮೇಲೆತ್ತಿ ಬೈ ಎಂದರು, ಬೌಂಡರಿಗೆ ಕೈ ಬೀಸಿದರು, ಆಮೇಲೆ ಮೇಜಿನ ಕಡೆ ನೋಡಿ ನಿಂತರು. ಪ್ರತಿ ಸಂಜ್ಞೆಗೂ ಸ್ಕೋರರ್ ಉತ್ತರಿಸಬೇಕು, ನಿಯಮದಲ್ಲೇ ಇದೆ; ಕೈ ಎತ್ತುವುದು ರೂಢಿ. ಯಾರ ಕೈಯೂ ಏಳಲಿಲ್ಲ. ಸ್ಕೋರರ್ ಹುಡುಗ ತಲೆ ತಗ್ಗಿಸಿ ನೋಬಾಲ್ ಒತ್ತಿ, ಅದರ ಮೇಲೆ 6 ಒತ್ತಿಬಿಟ್ಟಿದ್ದ. ಬೈ ಎಂಬ ಗುಂಡಿ ಇನ್ನೊಂದು ಪಟ್ಟಿಯೊಳಗಿತ್ತು. ಬ್ಯಾಟರ್‌ಗೆ ಸಿಕ್ಸರ್, ಬೌಲರ್ ತಲೆಗೆ ಏಳು. ಒಟ್ಟು ಮೊತ್ತ ಮಾತ್ರ ಸರಿಯಾಗಿತ್ತು, ಹಾಗಾಗಿ ಯಾರೂ ತಕರಾರು ಎತ್ತಲಿಲ್ಲ.

ನಮ್ಮ ಕ್ರೀಡಾ ಅಂಕಣಕಾರರ ಮೇಲೆ ನನ್ನ ಸಿಟ್ಟು ಇಲ್ಲೇ. ಹಳ್ಳಿಯ ಹುಡುಗನಿಗೂ ಈಗ ಸರಾಸರಿ, ಸ್ಟ್ರೈಕ್‌ರೇಟ್ ಸಿಕ್ಕಿತು ಎಂದು ಅವರು ಬರೆಯುತ್ತಾರೆ. ಸಿಕ್ಕಿದ್ದು ನಿಜ, ಸರಿಯಾದದ್ದು ಸಿಕ್ಕಿತೇ ಎಂದು ಒಬ್ಬರೂ ಕೇಳುವುದಿಲ್ಲ. ತಪ್ಪು ಗುಂಡಿ ಒತ್ತಿದವನದು, ಆ್ಯಪಿನದಲ್ಲ ಎನ್ನುತ್ತಾರೆ. ಹಾಗಾದರೆ ಸರಿ ಬಂದಾಗ ಹೊಗಳಿಕೆ ಮಾತ್ರ ಆ್ಯಪಿಗೇಕೆ? ಅಂಪೈರ್ ಹೇಳಿದ್ದನ್ನು ಬರೆದರಾಯಿತು, ಸ್ಕೋರರ್ ಕಣ್ಣು ಯಾಕೆ ಬೇಕು ಎನ್ನುವವರು 2019ರ ಲಾರ್ಡ್ಸ್ ವಿಶ್ವಕಪ್ ಫೈನಲ್ ನೆನಪಿಸಿಕೊಳ್ಳಲಿ. ನ್ಯೂಜಿಲೆಂಡಿನ ಗಪ್ಟಿಲ್ ಎಸೆತ ಇಂಗ್ಲೆಂಡಿನ ಸ್ಟೋಕ್ಸ್ ಬ್ಯಾಟಿಗೆ ತಾಗಿ ಬೌಂಡರಿಗೆ ಹೋದಾಗ ಕೊಟ್ಟದ್ದು 6. ಎಸೆದ ಹೊತ್ತಿಗೆ ಬ್ಯಾಟರ್‌ಗಳು ದಾಟಿರಲಿಲ್ಲ, 5 ಕೊಡಬೇಕಿತ್ತು. ಅಂಪೈರ್ ಕುಮಾರ ಧರ್ಮಸೇನ ಆಮೇಲೆ ಟಿವಿಯಲ್ಲಿ ನೋಡಿ ತಪ್ಪು ಒಪ್ಪಿಕೊಂಡರು. ಅಲ್ಲಿ ಅಷ್ಟು ಕ್ಯಾಮೆರಾ ಇತ್ತು. ನಮ್ಮ ಬಯಲಿನಲ್ಲಿ ಇರುವುದು ಕಣ್ಣು ಮಾತ್ರ, ಅದನ್ನೂ ಪರದೆಗೆ ಒಪ್ಪಿಸಿದ್ದೇವೆ.

ತೋಟದ ಬೇಲಿಗೆ ಬಿದ್ದರೆ ಓಡದೆಯೇ ಒಂದು ರನ್ ಎಂಬ ಊರಿನ ಕಟ್ಟಳೆಗೂ ಆ ಆ್ಯಪಿನಲ್ಲಿ ಜಾಗ ಕಾಣಲಿಲ್ಲ. 1 ಒತ್ತಿದೊಡನೆ ಅದು ಸ್ಟ್ರೈಕ್ ಬದಲಿಸುತ್ತದೆ. ಅದನ್ನು ಬೇಕಾದರೆ ಸಹಿಸಬಹುದು.

ಸಹಿಸಲಾಗದ್ದು ಎರಡನೆಯ ಸ್ಕೋರರ್ ಇಲ್ಲವಾದದ್ದು. ನಿಯಮ ಕೇಳುವುದು ಇಬ್ಬರನ್ನು. ವೈಡಿಗೆ ಕೂಡು ಗುರುತು, ಬೈಗೆ ತ್ರಿಕೋನ, ಲೆಗ್‌ಬೈಗೆ ತಲೆಕೆಳಗಾದ ತ್ರಿಕೋನ ಹಾಕುತ್ತ, ಓವರ್ ಮುಗಿದಾಗ ಇಬ್ಬರೂ ಪುಸ್ತಕ ತಾಳೆ ನೋಡುತ್ತಿದ್ದರು. ಒಬ್ಬ ತ್ರಿಕೋನ ಹಾಕಿ ಇನ್ನೊಬ್ಬ ಸಿಕ್ಸರ್ ಬರೆದಿದ್ದರೆ ಜಗಳ ಅಲ್ಲೇ ಏಳುತ್ತಿತ್ತು, ಅಂಪೈರನ್ನು ಕೇಳಿ ಅಲ್ಲೇ ತೀರುತ್ತಿತ್ತು. ತಿದ್ದಿದ ಗುರುತು ಹಾಳೆಯ ಮೇಲೆ ಉಳಿಯುತ್ತಿತ್ತು. ಮೊಬೈಲಿನಲ್ಲಿ ಹಿಂದಿನ ಚೆಂಡು ಅಳಿಸಿದರೆ ಮೇಜಿನ ಬಳಿ ನಿಂತವರಿಗೆ ಅಳಿಸಿದ ಕುರುಹೂ ಕಾಣುವುದಿಲ್ಲ.

ಅಂದು ಬೌಲರ್ ಮೇಜಿನ ಹತ್ತಿರ ಬಂದು ತನ್ನ ಓವರಿಗೆ ಎಷ್ಟು ರನ್ ಎಂದು ಕೇಳಿದ. ಹುಡುಗ ಪರದೆ ತಿರುಗಿಸಿ ತೋರಿಸಿದ. 'ಆ್ಯಪಲ್ಲಿ ಹಾಗೇ ಇದ್ಯಾ?' ಎಂದವನು ಮತ್ತೇನೂ ಕೇಳದೆ ಫೀಲ್ಡಿಂಗಿಗೆ ಹೋದ.