ಎಸರಿನ ಆಸೆ

ನಮ್ಮ ಕಡೆ ಎಸರು ಅಂದರೆ ಅನ್ನಕ್ಕೆಂದು ಕುದಿಯಲಿಟ್ಟ ನೀರು. ಅದಕ್ಕೇ ಚಂಪಾ ಶೆಟ್ಟಿಯವರ ಎರಡನೆಯ ಚಿತ್ರದ ಹೆಸರು ‘ಕೋಳಿ ಎಸ್ರು’ ಎಂದಾಗ ಕುಂದಗೋಳದ ಗೆಳತಿಯರು ನಕ್ಕರು. ಹಳೆ ಮೈಸೂರಿನವರಿಗೆ ಅದು ಕೋಳಿಸಾರು ಎಂದು ಬಿಡಿಸಿ ಹೇಳಬೇಕಾಯಿತು.

ಚಂಪಾ ರಂಗಭೂಮಿಯಿಂದ ಬಂದವರು. ಸಿನಿಮಾದ ನಾಯಕಿಯರಿಗೆ ತೆರೆಯ ಹಿಂದೆ ನಿಂತು ದನಿ ಕೊಟ್ಟವರು. ವೈದೇಹಿಯವರ ಕಥೆಗಳನ್ನು ಮೊದಲು ‘ಅಕ್ಕು’ ಎಂಬ ನಾಟಕ ಮಾಡಿದರು, ಆಮೇಲೆ 2018ರಲ್ಲಿ ‘ಅಮ್ಮಚ್ಚಿಯೆಂಬ ನೆನಪು’ ಚಿತ್ರ ಮಾಡಿದರು. ನಾಟಕದಿಂದ ಬಂದ ಹೆಣ್ಣುಮಗಳೊಬ್ಬಳು ಲೇಖಕಿಯ ಪುಸ್ತಕ ಹಿಡಿದು ಸಿನಿಮಾಕ್ಕೆ ಇಳಿದದ್ದು ಇದೇ ಮೊದಲಲ್ಲ. 1983ರಲ್ಲಿ ಪ್ರೇಮಾ ಕಾರಂತರು ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ನನ್ನು ತೆರೆಗೆ ತಂದಿದ್ದರು. ಆದರೆ ಫಣಿಯಮ್ಮ ಒಬ್ಬಳೇ. ಇಲ್ಲಿ ಅಮ್ಮಚ್ಚಿ, ಅಕ್ಕು, ಪುಟ್ಟಮ್ಮತ್ತೆ ಎಂದು ಮೂವರು. ರಂಗದ ಮೇಲೆ ದೀಪ ಸರಿಸಿದರೆ ಮನೆ ಬದಲಾಗುತ್ತದೆ. ಸಿನಿಮಾದಲ್ಲಿ ಅಷ್ಟು ಸಲೀಸಲ್ಲ. ಮನಸ್ಸಿಗೆ ಬಂದ ಹಾಗೆ ಉಟ್ಟು ತೊಟ್ಟು ಹೊರಗೆ ತಿರುಗಾಡಬೇಕೆನ್ನುವ ಅಮ್ಮಚ್ಚಿಯ ಜೊತೆ ಇನ್ನಷ್ಟು ಹೊತ್ತು ಕೂಡಬೇಕು ಅನ್ನುವಷ್ಟರಲ್ಲಿ ಅಕ್ಕು ಬಂದು ಕೈ ಹಿಡಿದು ಎಳೆಯುತ್ತಾಳೆ. ಊರೆಲ್ಲ ಹುಚ್ಚಿ ಅಂದರೂ ಇದ್ದದ್ದನ್ನು ಇದ್ದಂತೆ ಆಡುವವಳು ಅವಳೊಬ್ಬಳೇ. ಕುಂದಾಪುರದ ಕನ್ನಡ ನನಗೆ ಅರ್ಧ ತಿಳಿಯಲಿಲ್ಲ. ವೆಂಕಪ್ಪಯ್ಯನ ಗದರಿಕೆಗೆ ಮಾತ್ರ ಅರ್ಥ ಕೇಳಬೇಕಾಗಲಿಲ್ಲ, ಅಂಥವರು ನಮ್ಮ ಓಣಿಯಲ್ಲೂ ಇದ್ದಾರೆ.

‘ಕೋಳಿ ಎಸ್ರು’ ಕ.ತ. ಚಿಕ್ಕಣ್ಣ ಅವರ ಕಥೆ. ಮಗಳು ಕೋಳಿಸಾರು ಬೇಕೆನ್ನುತ್ತಾಳೆ. ಬಡತಾಯಿ ಹುಚ್ಚೇರಿ ಅದಕ್ಕಾಗಿ ಹೆಣಗುತ್ತಾಳೆ. ಇಷ್ಟೇ. ಈ ಸಲ ಚಂಪಾ ಒಂದೇ ಒಲೆಯ ಮುಂದೆ ಕೂತಿದ್ದಾರೆ, ಅದೇ ಅವರು ಬೆಳೆದ ಗುರುತು. ಹುಚ್ಚೇರಿಯಾಗಿ ಅಕ್ಷತಾ ಪಾಂಡವಪುರ ಅವರನ್ನು ನೋಡಿದರೆ ನಟಿ ಅನಿಸುವುದಿಲ್ಲ, ಕಳೆ ತೆಗೆಯಲು ಹೊರಟ ಆಳಿನ ಹೆಣ್ಣುಮಗಳು ಅನಿಸುತ್ತದೆ.

ಇದು ಹಸಿವಿನ ಚಿತ್ರ ಎಂದು ಹೊಗಳುವವರಿದ್ದಾರೆ. ನನಗೆ ಹಾಗೆ ಕಾಣಲಿಲ್ಲ. ಹುಡುಗಿ ಬೇಡುವುದು ಹೊಟ್ಟೆ ತುಂಬುವ ಅನ್ನವನ್ನಲ್ಲ, ನಾಲಿಗೆಗೆ ರುಚಿಯನ್ನು. ಬಡವರ ಹಸಿವಿಗೆ ನಾವು ಅಯ್ಯೋ ಅನ್ನುತ್ತೇವೆ; ಅವರ ಬಾಯಿಚಪಲಕ್ಕೆ ಮಾತ್ರ ಸಿಟ್ಟಾಗುತ್ತೇವೆ. 2022ರಿಂದ ನಮ್ಮ ಜಿಲ್ಲೆಯ ಶಾಲೆಗಳಲ್ಲೂ ಬಿಸಿಯೂಟದ ಜೊತೆ ತತ್ತಿ ಕೊಡುತ್ತಾರೆ, ಒಲ್ಲದವರಿಗೆ ಬಾಳೆಹಣ್ಣು. “ಇವತ್ತ ತತ್ತಿ ಐತೇನ್ರೀ ಟೀಚರ್?” ಎಂದು ಮಕ್ಕಳು ಬೆಳಿಗ್ಗೆಯೇ ಕೇಳುತ್ತವೆ. “ಇವು ಕಲಿಯಾಕ ಬರ್ತಾವೋ, ತಿನ್ನಾಕೋ?” ಎಂದು ಸ್ಟಾಫ್‌ರೂಮಿನಲ್ಲಿ ಯಾರೋ ಗೊಣಗುತ್ತಾರೆ. ಅವರನ್ನು ಕೂಡಿಸಿ ಈ ಚಿತ್ರ ತೋರಿಸಬೇಕು.

ತೋರಿಸುವುದೆಲ್ಲಿ ಎನ್ನುವುದೇ ತೊಡಕು. ನವಲಗುಂದ, ಅಣ್ಣಿಗೇರಿಯ ಹೆಣ್ಣುಮಕ್ಕಳ ತನಕ ಇಂಥ ಚಿತ್ರ ಬರುವುದೇ ಇಲ್ಲ. ನಮ್ಮ ಶಾಲೆಯ ದೊಡ್ಡ ಕೋಣೆಗೆ ಕಪ್ಪು ಪರದೆ ಕಟ್ಟಿಸಿದರೆ ನೂರು ಜನ ಕೂಡಬಹುದು.