ಕೆಫೀನ್ ತೆಗೆದ ಮೇಲೆ ಉಳಿಯುವುದು

ನಮ್ಮ ರಾಯಚೂರು ಕಡೆ ಕಾಫಿ ದಿನದ ಮಾತಲ್ಲ; ದಿನದ ಮಾತು ಚಹಾದ್ದು. ದೇವದುರ್ಗ, ಮಾನ್ವಿಯಲ್ಲಿ ಒಗ್ಗರಣೆ-ಮಿರ್ಚಿ ತಿಂದೆದ್ದವರು ಕಾಫಿ ಕೇಳುವುದು ಅಪರೂಪ. ಅಂಥಲ್ಲೂ ಈಗ ಪತ್ರಿಕೆಗಳ ಆರೋಗ್ಯ ಪುಟ ಓದಿದವರು, “ಡಿಕ್ಯಾಫ್ ಹಾಲಿನ ಕಾಫಿ ಭಾಳ ಛಲೋ ಅಂತಲ್ರಿ ಟೀಚರ್, ಖರೇನೇನ್ರಿ?” ಎನ್ನುತ್ತಾರೆ. ಆ ಪುಟಗಳ ಮೇಲೇ ನನ್ನ ತಕರಾರು.

ಕೆಫೀನ್ ತೆಗೆದದ್ದು ಎಂದರೆ ಪೂರ್ತಿ ಇಲ್ಲವೆಂದಲ್ಲ. ಕಪ್ಪಿಗೆ ಕೆಲವು ಮಿಲಿಗ್ರಾಂ ಉಳಿದೇ ಇರುತ್ತದೆ. ಹುರಿಯುವ ಮೊದಲೇ ಹಸಿ ಬೀಜವನ್ನು ಆವಿಯಲ್ಲಿ ಉಬ್ಬಿಸಿ, ದ್ರಾವಕದಿಂದಲೋ ನೀರಿನಿಂದಲೋ ಅದನ್ನು ಸೆಳೆಯುತ್ತಾರೆ. ಕಳೆದ ಶತಮಾನದ ಆರಂಭದಲ್ಲಿ ಜರ್ಮನಿಯ ಲುಡ್ವಿಗ್ ರೋಸೆಲಿಯಸ್ ಇದನ್ನು ವ್ಯಾಪಾರಕ್ಕೆ ತಂದಾಗ ಬಳಸಿದ್ದು ಬೆಂಜೀನ್ ಎಂಬ ವಿಷವನ್ನು! ಈಗ ಅದಿಲ್ಲ. ನಿದ್ದೆಗೆಟ್ಟವರಿಗೆ, ಬಸುರಿಯರಿಗೆ ಇಂಥ ಕಾಫಿಯಿಂದ ಅನುಕೂಲವುಂಟು, ಒಪ್ಪೋಣ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿ ದಿನಕ್ಕೆ 300 ಮಿಲಿಗ್ರಾಂ ಕೆಫೀನ್ ಮೀರಬೇಡಿ ಎನ್ನುತ್ತದೆ. 150 ಮಿಲಿಲೀಟರ್ ಡಿಕಾಕ್ಷನ್ ಕಾಫಿಯಲ್ಲೇ 80ರಿಂದ 120 ಇರುತ್ತದೆ.

ಆದರೆ ‘ಪೌಷ್ಟಿಕ ಪೇಯ’ ಎಂಬ ಬಣ್ಣನೆ? ಪುಷ್ಟಿ ಹಾಲಿನದು, ಹೆಸರು ಮಾತ್ರ ಕಾಫಿಯದು. ಲೋಟಕ್ಕೆ 50 ಮಿಲಿಲೀಟರ್ ಹಾಲು ಬಿದ್ದರೆ ಸಿಗುವುದು ಸುಮಾರು ಒಂದೂವರೆ ಗ್ರಾಂ ಪ್ರೋಟೀನು, 60 ಮಿಲಿಗ್ರಾಂ ಕ್ಯಾಲ್ಸಿಯಂ. ಜೊತೆಗೆ ಎರಡು ಚಮಚ ಸಕ್ಕರೆ. 2013ರಲ್ಲಿ ಶುರುವಾದ ಕ್ಷೀರಭಾಗ್ಯದಲ್ಲಿ ಶಾಲೆಯ ಮಗುವಿಗೆ ಕೊಡಲು ಗೊತ್ತುಮಾಡಿದ್ದು 150 ಮಿಲಿಲೀಟರ್ ಹಾಲು.

ಆ ಲೇಖನಗಳು ಮುಟ್ಟದೆ ಬಿಡುವುದು ಕಬ್ಬಿಣದ ಸಂಗತಿಯನ್ನು. ಊಟದ ಕಬ್ಬಿಣವನ್ನು ಮೈಗೆ ಹತ್ತದಂತೆ ತಡೆಯುವುದು ಮುಖ್ಯವಾಗಿ ಕೆಫೀನ್ ಅಲ್ಲ, ಕಾಫಿ-ಚಹಾಗಳ ಒಗರಿನ ಅಂಶ, ಪಾಲಿಫಿನಾಲುಗಳು. ಕೆಫೀನ್ ತೆಗೆದರೂ ಅವು ಬಹುಮಟ್ಟಿಗೆ ಉಳಿಯುತ್ತವೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ. ಹತ್ತಿ ಬಿಡಿಸಲು ಹೋಗುವ ತಾಯಿ ರೊಟ್ಟಿ, ಪುಂಡಿಪಲ್ಲೆ ಉಂಡ ಕೈಯಲ್ಲೇ ಚಹಾ ಕುಡಿಯುತ್ತಾಳೆ. ಮಗಳು ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣದ ಗುಳಿಗೆ ನುಂಗಿ, ಮನೆಗೆ ಬಂದು ಅದನ್ನೇ ಕುಡಿಯುತ್ತಾಳೆ. ಇವರಿಗೆ ಬೇಕಾದದ್ದು ದುಬಾರಿ ಡಬ್ಬಿಯಲ್ಲ. ಊಟಕ್ಕೆ ಒಂದು ತಾಸು ಮೊದಲು, ಒಂದು ತಾಸು ನಂತರ ಚಹಾ-ಕಾಫಿ ಬೇಡವೆಂದು ಅದೇ ಮಾರ್ಗಸೂಚಿ ಹೇಳಿದೆ. ಪಲ್ಲೆಯ ಮೇಲೆ ಅರ್ಧ ಲಿಂಬೆಹಣ್ಣು ಹಿಂಡಿಕೊಂಡರೆ ಅದರೊಳಗಿನ ಕಬ್ಬಿಣ ಇನ್ನಷ್ಟು ಮೈಗೆ ಹತ್ತುತ್ತದೆ. ಪೇಟೆಯಲ್ಲಿ ಲಿಂಬೆ ತುಟ್ಟಿಯಾದ ಬೇಸಿಗೆಯಲ್ಲಿ ಪೇರಲಹಣ್ಣೂ ನಡೆಯುತ್ತದೆ.