ಮಾರು ಗೆದ್ದವರು ಮನೆ ಗೆಲ್ಲುವುದೆಂದು?

ಗೌರಿಬಿದನೂರಿನಿಂದ ಹಿಂದೂಪುರದ ಕಡೆ ಸಾಗುವ ದಾರಿಯಲ್ಲಿ, ಆಂಧ್ರದ ಗಡಿಗೆ ಹತ್ತಿರ, ವಿದುರಾಶ್ವತ್ಥವಿದೆ. ವಿದುರ ನೆಟ್ಟದ್ದೆಂದು ಜನ ನಂಬಿಕೊಂಡು ಬಂದಿದ್ದ ಅರಳಿಮರ 2001ರಲ್ಲಿ ಉರುಳಿಬಿತ್ತು. ನಾಗರಕಲ್ಲುಗಳು ಮಾತ್ರ ಸಾಲುಸಾಲಾಗಿ ನಿಂತಿವೆ. ಹರಕೆ ಹೊತ್ತವರು ಇಂದಿಗೂ ಬರುತ್ತಾರೆ. ಅಲ್ಲೇ ಹುತಾತ್ಮರ ಸ್ಮಾರಕವಿದೆ, ಸ್ವಾತಂತ್ರ್ಯ ಹೋರಾಟದ ಚಿತ್ರಗಳಿರುವ ವೀರಸೌಧವಿದೆ. ನಾವು ಹೋದ ದಿನ ಸ್ಮಾರಕದ ಮುಂದೆ ಕೆಲವು ಹುಡುಗರು ಮೊಬೈಲ್ ಹಿಡಿದು ಫೋಟೋ ತೆಗೆದುಕೊಳ್ಳುತ್ತಿದ್ದರು. ಇಲ್ಲಿ ಸತ್ತವರು ಯಾರ ಗುಂಡಿಗೆ ಸತ್ತರು ಎಂದು ಕೇಳಿದೆವು. "ಬ್ರಿಟಿಷರ ಗುಂಡಿಗೆ" ಎಂದರು.

ಅಲ್ಲ. ಗುಂಡು ಹಾರಿಸಿದ್ದು ಮೈಸೂರು ಸಂಸ್ಥಾನದ ಪೊಲೀಸರು.

1938ರ ಏಪ್ರಿಲ್‌ನಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ಕಾಂಗ್ರೆಸ್ಸಿಗರು ನಿಷೇಧ ಮುರಿದು ತ್ರಿವರ್ಣ ಧ್ವಜ ಹಾರಿಸಿದ್ದರು. ಅದರ ಬೆನ್ನಿಗೇ, ಏಪ್ರಿಲ್ 25ರಂದು, ನಿಷೇಧಾಜ್ಞೆಯನ್ನು ಲೆಕ್ಕಿಸದೆ ವಿದುರಾಶ್ವತ್ಥದಲ್ಲಿ ಸೇರಿದ್ದ ಜನರ ಮೇಲೆ ಗೋಲಿಬಾರ್ ನಡೆಯಿತು. ಸತ್ತವರು 32 ಮಂದಿ ಎಂದು ಊರು ನೆನಪಿಟ್ಟುಕೊಂಡಿದೆ. ಸರ್ಕಾರ ಒಪ್ಪಿಕೊಂಡ ಸಂಖ್ಯೆ ಅದಕ್ಕಿಂತ ಬಹಳ ಕಡಿಮೆ. ಕರ್ನಾಟಕದ ಜಲಿಯನ್‌ವಾಲಾ ಬಾಗ್ ಎಂಬ ಹೆಸರು ಊರಿಗೆ ಅಂಟಿದ್ದು ಹೀಗೆ.

ಆಗಿನ ಮೈಸೂರು ಎಂದರೆ ಸಾಮಾನ್ಯ ಸಂಸ್ಥಾನವಲ್ಲ, 'ಮಾದರಿ ಸಂಸ್ಥಾನ'. ನಾಲ್ವಡಿ ಕೃಷ್ಣರಾಜ ಒಡೆಯರ ದಸರಾ, ವಿಶ್ವವಿದ್ಯಾನಿಲಯ, ರೇಷ್ಮೆ, ಗಂಧದ ಸಾಬೂನು, ಬೃಂದಾವನದ ಕಾರಂಜಿಗಳು ಇವೆಲ್ಲ ಹೊರಗಿನವರ ಕಣ್ಣು ತುಂಬುತ್ತಿದ್ದವು. 1926ರಿಂದ 1941ರವರೆಗೆ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಲಂಡನ್ನಿನ ದುಂಡುಮೇಜಿನ ಪರಿಷತ್ತಿಗೂ ಹೋಗಿ ಬಂದವರು. ಬಲಾತ್ಕಾರದಿಂದಲ್ಲದೆ ಆಕರ್ಷಣೆಯಿಂದ ಇನ್ನೊಬ್ಬರನ್ನು ಒಲಿಸಿಕೊಳ್ಳುವ ಸಾಮರ್ಥ್ಯಕ್ಕೆ ಅಮೆರಿಕದ ವಿದ್ವಾಂಸ ಜೋಸೆಫ್ ನೈ 1990ರಲ್ಲಿ 'ಸಾಫ್ಟ್ ಪವರ್' ಎಂದು ಹೆಸರಿಟ್ಟರು. ಹೆಸರು ಹುಟ್ಟುವ ಎಷ್ಟೋ ಮೊದಲೇ ಮೈಸೂರಿನ ಹತ್ತಿರ ಆ ಮೃದುಶಕ್ತಿ ಧಾರಾಳವಾಗಿತ್ತು.

ಅದಕ್ಕೆ ಮಸಿ ಬಳಿಯಲು ಒಂದು ದಿನ ಸಾಕಾಯಿತು. ಟೆಲಿಗ್ರಾಮು, ವೃತ್ತಪತ್ರಿಕೆಗಳ ಕಾಲದಲ್ಲೂ ಸುದ್ದಿ ದೇಶವನ್ನೆಲ್ಲ ಸುತ್ತಿತು. ಸರ್ದಾರ್ ಪಟೇಲರು, ಆಚಾರ್ಯ ಕೃಪಲಾನಿಯವರು ಮೈಸೂರಿಗೆ ಬಂದರು. ಮೇ ತಿಂಗಳಲ್ಲಿ ಮಿರ್ಜಾ–ಪಟೇಲ್ ಒಪ್ಪಂದವಾಗಿ, ಸಂಸ್ಥಾನದ ಧ್ವಜದ ಜೊತೆಗೆ ಕಾಂಗ್ರೆಸ್ ಧ್ವಜವನ್ನೂ ಹಾರಿಸಬಹುದೆಂದಾಯಿತು. ಮೈಸೂರಿನ ಮಾನ ಉಳಿಸಿದ್ದು ಕಾರಂಜಿಗಳಲ್ಲ, ತನ್ನದೇ ಪ್ರಜೆಗಳ ಬೇಡಿಕೆಗೆ ಅದು ತಡವಾಗಿಯಾದರೂ ಬಾಗಿದ್ದು. ಮಿರ್ಜಾ ನಮ್ಮವರೆಂದು ವೇದಿಕೆಗಳ ಮೇಲೆ ಹೆಮ್ಮೆಪಡುವ ನಾವು, ಮುಸ್ಲಿಮರು, ಬೃಂದಾವನದ ಪುಟವನ್ನು ಓದಿ ವಿದುರಾಶ್ವತ್ಥದ ಪುಟವನ್ನು ಹಾರಿಸಿಬಿಡುತ್ತೇವೆ. ಎರಡೂ ಒಂದೇ ಪುಸ್ತಕದವು.

ಈ ಹಳೆಯ ಕಥೆ ನಮಗೆ ಮತ್ತೆ ನೆನಪಾದದ್ದು 2025ರಲ್ಲಿ. ಮೇ 20ರಂದು ಲಂಡನ್ನಿನಲ್ಲಿ ಬಾನು ಮುಷ್ತಾಕ್ ಅವರ 'ಹಾರ್ಟ್ ಲ್ಯಾಂಪ್'ಗೆ ಅಂತರರಾಷ್ಟ್ರೀಯ ಬುಕರ್ ಬಂತು. ಕನ್ನಡಕ್ಕೆ ಅದು ಮೊದಲನೆಯದು. ಒಂದು ಸಣ್ಣಕಥಾ ಸಂಕಲನಕ್ಕೆ ಆ ಪ್ರಶಸ್ತಿ ಸಂದದ್ದೂ ಅದೇ ಮೊದಲು. ಸುಮಾರು ಮೂರು ದಶಕಗಳಲ್ಲಿ ಬರೆದ 12 ಕಥೆಗಳನ್ನು ಇಂಗ್ಲಿಷಿಗೆ ತಂದವರು ಮಡಿಕೇರಿಯ ದೀಪಾ ಭಾಸ್ತಿ. ಪ್ರಶಸ್ತಿಯ 50,000 ಪೌಂಡ್ ಲೇಖಕಿಗೂ ಅನುವಾದಕಿಗೂ ಸಮಪಾಲು.

ಕಥೆ ಬರೆಯುವವರಾಗಿ ನಮಗೆ ಆ ಅನುವಾದದಲ್ಲಿ ಹಿಡಿಸಿದ್ದು ಅದರ ಸಂಕೋಚವಿಲ್ಲದ ನಡೆ. ನಮ್ಮ ಮನೆಗಳ ಕನ್ನಡ, ಉರ್ದು, ಅರಬ್ಬಿ ಮಾತುಗಳು ಅಲ್ಲಿ ವಾಲಿದ ಅಕ್ಷರಗಳಿಲ್ಲದೆ, ಅಡಿಟಿಪ್ಪಣಿಗಳಿಲ್ಲದೆ ಕೂತಿವೆ. ಮುತವಲ್ಲಿ ಮುತವಲ್ಲಿಯೇ. ಅರ್ಥವಾಗದವನು ಎರಡು ಹೆಜ್ಜೆ ಮುಂದೆ ಬರಲಿ ಎಂಬ ಧೋರಣೆ ಅದು. ಸಾಂಸ್ಕೃತಿಕ ರಾಜತಾಂತ್ರಿಕತೆ ಎಂದು ಸರ್ಕಾರಗಳು ನಡೆಸುವ ಉತ್ಸವಗಳಲ್ಲಿ ಇದು ಅಪರೂಪ. ಅಲ್ಲಿ ಅತಿಥಿಗೆ ಹಿತವಾಗುವಂತೆ ಮನೆಯನ್ನು ಗುಡಿಸಿ, ಅಳುವ ಮಗುವನ್ನು ಒಳಗೆ ಕೂಡಿಹಾಕಿ, ಬಾಗಿಲಲ್ಲಿ ತೋರಣ ಕಟ್ಟುತ್ತಾರೆ. ಬಾನು ಆ ಒಳಮನೆಯ ಬಾಗಿಲನ್ನೇ ತೆರೆದಿಟ್ಟರು. ಗಂಡ ಬಿಟ್ಟ ಹೆಣ್ಣು, ನ್ಯಾಯ ಕೊಡದ ಜಮಾತು ಅಲ್ಲಿ ಇದ್ದಂತೆಯೇ ಇವೆ. ಆದರೂ ಲೋಕ ಮೆಚ್ಚಿತು. ಬಹುಶಃ ಅದಕ್ಕಾಗಿಯೇ ಮೆಚ್ಚಿತು.

ಮುಂದೆ ಆದದ್ದೇನು? ರಾಜ್ಯ ಸರ್ಕಾರ ಆ ವರ್ಷದ ಮೈಸೂರು ದಸರಾ ಉದ್ಘಾಟನೆಗೆ ಬಾನು ಅವರನ್ನು ಕರೆಯಿತು. ಕೂಡಲೇ 2023ರ ಅವರ ಭಾಷಣವೊಂದರ ತುಣುಕು ಮೊಬೈಲಿನಿಂದ ಮೊಬೈಲಿಗೆ ಹಾರತೊಡಗಿತು. ಕನ್ನಡವನ್ನು ಭುವನೇಶ್ವರಿಯಾಗಿಸಿ ಮಂದಾಸನದ ಮೇಲೆ ಕೂರಿಸಿದರೆ ತಮ್ಮಂಥವರು ಎಲ್ಲಿ ನಿಲ್ಲಬೇಕೆಂಬ ಪ್ರಶ್ನೆ ಅದರಲ್ಲಿತ್ತು. ಅದು ವಾದಕ್ಕೆ ಯೋಗ್ಯವಾದ ಪ್ರಶ್ನೆ, ಒಪ್ಪಬಹುದು, ಬಿಡಬಹುದು. ಆದರೆ ತುಣುಕು ವಾದ ಮಾಡಲಿಲ್ಲ, ತೀರ್ಪು ಕೊಟ್ಟಿತು. ಸೆಪ್ಟೆಂಬರ್ 15ರಂದು ಹೈಕೋರ್ಟು, 19ರಂದು ಸುಪ್ರೀಂ ಕೋರ್ಟು ಆಕ್ಷೇಪದ ಅರ್ಜಿಗಳನ್ನು ತಳ್ಳಿಹಾಕಿದವು. 22ರಂದು ಬಾನು ಚಾಮುಂಡಿ ಬೆಟ್ಟದಲ್ಲಿ ದಸರಾ ಉದ್ಘಾಟಿಸಿದರು. 2017ರಲ್ಲಿ ಅದೇ ಗೌರವ ಕವಿ ನಿಸಾರ್ ಅಹಮದ್ ಅವರಿಗೆ ಸಂದಿತ್ತು. ಆ ದಸರಾಕ್ಕೂ ಈ ದಸರಾಕ್ಕೂ ನಡುವೆ ಎಂಟೇ ವರ್ಷ. ಒಬ್ಬ ಕನ್ನಡ ಲೇಖಕಿ ತನ್ನ ನಾಡಿನ ಹಬ್ಬಕ್ಕೆ ಬರಬಹುದೇ ಎಂಬುದು ದೆಹಲಿಯ ನ್ಯಾಯಾಲಯದವರೆಗೆ ಹೋಗಬೇಕಾಯಿತು. ಮೇ ತಿಂಗಳಲ್ಲಿ ಲಂಡನ್ನಿನ ಚಪ್ಪಾಳೆಯನ್ನು ನಮಗೆ ತಂದುಕೊಟ್ಟ ಮೊಬೈಲೇ ಆಗಸ್ಟಿನಲ್ಲಿ ಮೈಸೂರಿನ ಬೈಗುಳವನ್ನು ಲಂಡನ್ನಿಗೆ ಮುಟ್ಟಿಸಿತು. ಡಿಜಿಟಲ್ ಕಾಲದಲ್ಲಿ ಹಜಾರಕ್ಕೂ ಅಡುಗೆಮನೆಗೂ ನಡುವೆ ಗೋಡೆಯಿಲ್ಲ.

ಇಷ್ಟು ಹೇಳಿ ನಾವು ಕೈತೊಳೆದುಕೊಳ್ಳುವಂತಿಲ್ಲ. 2000ದಲ್ಲಿ, ಹೆಂಗಸರಿಗೂ ಮಸೀದಿ ಪ್ರವೇಶವಿರಬೇಕೆಂದ ಕಾರಣಕ್ಕೆ ಇದೇ ಬಾನು ಸಾಮಾಜಿಕ ಬಹಿಷ್ಕಾರ ಅನುಭವಿಸಿದರು. ಬಹಿಷ್ಕರಿಸಿದವರು ಪರರಲ್ಲ. ಬುಕರ್ ಬಂದ ರಾತ್ರಿ 'ನಮ್ಮ ಸಮುದಾಯದ ಹೆಮ್ಮೆ' ಎಂದು ಸಂದೇಶ ಹರಿಬಿಟ್ಟವರಲ್ಲಿ ಆ ದಿನಗಳನ್ನು ನೆನೆದವರು ಎಷ್ಟು ಮಂದಿ? ಅವಳ ಕಥೆಗಳು ಸಮುದಾಯದ ಮರ್ಯಾದೆ ಕಳೆಯುತ್ತವೆ ಎಂದು ನಮಗೆ ಪಾಠ ಹೇಳಿದವರಿದ್ದರು. ಕಡೆಗೆ ಮರ್ಯಾದೆ ತಂದದ್ದು ಆ ಕಥೆಗಳೇ.

2020ರ ರಂಜಾನಿನ ಲಾಕ್‌ಡೌನ್ ದಿನಗಳಲ್ಲಿ ನಮ್ಮ ಅನೇಕ ಮನೆಗಳಲ್ಲಿ ಉರ್ದುವಿಗೆ ಡಬ್ಬಾದ ತುರ್ಕಿಯ 'ಎರ್ತುಗ್ರುಲ್' ಧಾರಾವಾಹಿ ಮೊಬೈಲುಗಳಲ್ಲಿ ಓಡುತ್ತಿತ್ತು. ನಾವೂ ನೋಡಿದೆವು, ಕುದುರೆಗಳು ಚೆನ್ನಾಗಿದ್ದವು. ಆದರೆ 2016ರ ನಂತರ ಅದೇ ತುರ್ಕಿ ಪತ್ರಕರ್ತರನ್ನು ಸಾಲುಸಾಲಾಗಿ ಜೈಲಿಗೆ ತುಂಬಿದ್ದು ಆ ಪರದೆಯಲ್ಲಿ ಕಾಣಲಿಲ್ಲ. ಯಾರದೋ ದೂರದ ಖಡ್ಗಕ್ಕೆ ಮನಸೋಲುವ ನಮ್ಮ ಮಕ್ಕಳಿಗೆ ಬರಿಗೈಯಲ್ಲಿ ಧ್ವಜ ಹಿಡಿದು ನಿಂತ ಗೌರಿಬಿದನೂರಿನ ಸುತ್ತಲ ರೈತರ ಪರಿಚಯವಿಲ್ಲ. ಮೃದುಶಕ್ತಿ ಕೆಲಸ ಮಾಡುವುದು ಹೀಗೆಯೇ: ತೋರಿಸಿದ್ದನ್ನು ಪ್ರೀತಿಸುತ್ತೇವೆ, ತೋರಿಸದ್ದನ್ನು ಕೇಳುವುದಿಲ್ಲ.

1950ರಲ್ಲಿ ಮೌಲಾನಾ ಆಜಾದರು ಭಾರತೀಯ ಸಾಂಸ್ಕೃತಿಕ ಸಂಬಂಧಗಳ ಮಂಡಳಿಯನ್ನು ಸ್ಥಾಪಿಸಿದರು. ದೇಶ ಹೋಳಾಗಿ, ರಕ್ತ ಹರಿದು ಮೂರು ವರ್ಷ ಕಳೆದಿರಲಿಲ್ಲ. ಹೊರಗಿನ ಸ್ನೇಹಕ್ಕೆ ಮಂಡಳಿ ಕಟ್ಟಿದ ಆ ಮನುಷ್ಯ ಒಳಗೆ ಶಿಕ್ಷಣ ಸಚಿವರಾಗಿ ಶಾಲೆ ಕಾಲೇಜುಗಳ ಚಿಂತೆ ಮಾಡುತ್ತಿದ್ದರು. ಎರಡೂ ಒಂದೇ ಕೆಲಸವೆಂದು ಅವರಿಗೆ ತಿಳಿದಿತ್ತು ಎನಿಸುತ್ತದೆ.

ಮನೆ ಗೆದ್ದು ಮಾರು ಗೆಲ್ಲು ಎನ್ನುತ್ತದೆ ನಮ್ಮ ಗಾದೆ. ಬಾನು ಮಾರು ಗೆದ್ದು ಬಂದರು. ಮನೆ ಗೆಲ್ಲುವ ಕೆಲಸ ಅವರೊಬ್ಬರದಲ್ಲ. ಅದು ಬೆಟ್ಟದ ದಾರಿಗೆ ಅಡ್ಡ ನಿಂತವರದು, ಮಸೀದಿಯ ಬಾಗಿಲಿಗೆ ಅಡ್ಡ ನಿಂತವರದು, ಇಬ್ಬರನ್ನೂ ನೋಡುತ್ತ ಸುಮ್ಮನಿದ್ದ ನಮ್ಮದು.

ವಿದುರಾಶ್ವತ್ಥದ ಹುಡುಗರಿಗೆ ನಾವು ನಿಜ ಹೇಳಿದಾಗ ಅವರಲ್ಲೊಬ್ಬ, "ಮೈಸೂರಿನವರು ನಮ್ಮವರೇ ಅಲ್ಲವಾ?" ಎಂದು ಕೇಳಿದ. ಹೌದಪ್ಪ, ನಮ್ಮವರೇ ಎಂದೆವು. ಅವನು ಮೊಬೈಲನ್ನು ಜೇಬಿಗಿಟ್ಟು ವೀರಸೌಧದ ಕಡೆ ನಡೆದ.